ವಿಳಾಸಕ್ಕೆ ಅಂಟಿದ ವಿಭಕ್ತಿ

ಊರಿನ ಕಾಗದಗಳಿಗಾಗಿ ಕಾದು ಕೂರುತ್ತಿದ್ದ ಕಾಲದಲ್ಲಿ ಡೊಂಬಿವಲಿಯ ಚಾಳುಗಳ ವಿಳಾಸವೆಂದರೆ ಒಂದು ಸಣ್ಣ ಕಥೆಯೇ ಆಗಿತ್ತು. ಮನೆಯ ಯಜಮಾನರ ಹೆಸರು, ಚಾಳಿನ ಮಾಲಿಕರ ಹೆಸರು, ಹಿಟ್ಟಿನ ಗಿರಣಿಯ ಹಿಂದೆ ಎಂಬ ಗುರುತು, ಕೊನೆಗೆ ಸ್ಟೇಷನ್ನಿನ ಪೂರ್ವವೋ ಪಶ್ಚಿಮವೋ ಎಂಬ ವಿವರ. ಇದರಲ್ಲಿ ಅರ್ಧ ಬಿಟ್ಟುಹೋದರೂ ಕಾಗದ ತಲುಪುತ್ತಿತ್ತು. ನಮ್ಮ ಪೋಸ್ಟ್‌ಮ್ಯಾನ್ ಮರಾಠಿಯವರು, ಕನ್ನಡ ಓದಲು ಬಾರದು. ಆದರೂ ಕಾರ್ಡಿನ ಮೇಲೆ ದುಂಡಗಿನ ಅಕ್ಷರ ಕಂಡೊಡನೆ ಅದು ಯಾರ ಮನೆಗೆಂದು ಅವರಿಗೆ ಹೊಳೆಯುತ್ತಿತ್ತು. ಈಗ ಮೊಬೈಲಿನಲ್ಲಿ ಲಿಂಕ್ ಒತ್ತಿ, ‘404’ ಎಂಬ ಅಂಕಿ ಎದುರು ಬಂದು ನಿಂತಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಊಹೆಯನ್ನು ನಂಬಿಕೊಂಡು ದೊಡ್ಡ ದೇಶದ ಅಂಚೆ ನಡೆಯದು. ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳು. ಕೇಂದ್ರ ಸಂಪರ್ಕ ಖಾತೆಯ ಹಿರಿಯ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು ರೂಪಿಸಿದ ಆರಂಕಿಯ ಪಿನ್ ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಥಾಣೆಗೆ 400601, ಡೊಂಬಿವಲಿ ಪೂರ್ವಕ್ಕೆ 421201, ಪಶ್ಚಿಮಕ್ಕೆ 421202, ಕಲ್ಯಾಣಕ್ಕೆ 421301. ಊರಿಗೆ ಹೋದಾಗ ‘ನಾವು ಬೊಂಬಾಯಿಯವರು’ ಎಂದು ಹೇಳಿಕೊಳ್ಳುವ ಡೊಂಬಿವಲಿಯ ನಮ್ಮ ಬಂಧುಗಳ ಮಾತನ್ನು ಅಂಚೆಯ ಅಂಕಿ ಮಾತ್ರ ಒಪ್ಪಲಿಲ್ಲ!

ನವಿ ಮುಂಬಯಿಯದು ಇನ್ನೊಂದು ಬಗೆ. 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಈ ನಗರವನ್ನು ಹಲವು ‘ನೋಡ್’ಗಳಾಗಿಯೂ ನೋಡ್‌ಗಳನ್ನು ಸೆಕ್ಟರುಗಳಾಗಿಯೂ ವಿಂಗಡಿಸಿತು. ಸೆಕ್ಟರ್ 15 ವಾಶಿಯಲ್ಲೂ ಉಂಟು, ನೆರೂಳಿನಲ್ಲೂ ಉಂಟು, ಬೇಲಾಪುರದಲ್ಲೂ ಉಂಟು. ವಾಶಿಯಲ್ಲಿ ನಿಂತು ‘ಸೆಕ್ಟರ್ 15’ ಎಂದಷ್ಟೇ ಹೇಳಿದರೆ ರಿಕ್ಷಾದವನು ವಾಶಿಯದಕ್ಕೇ ಒಯ್ಯುತ್ತಾನೆ, ತಪ್ಪು ಅವನದಲ್ಲ. ಜಾಲತಾಣ ಕಟ್ಟುವ ನಮ್ಮ ಹುಡುಗರು ದಿನಾ ಎಡವುವುದು ಇಲ್ಲಿಯೇ. ವಿಳಾಸವನ್ನು ಓರೆಗೆರೆಯಿಂದ ಆರಂಭಿಸಿದರೆ ತಾಣದ ಹೆಬ್ಬಾಗಿಲಿನಿಂದ ಹುಡುಕು ಎಂದರ್ಥ. ಆ ಗೆರೆಯನ್ನು ಬಿಟ್ಟರೆ ಈಗ ನಿಂತಿರುವ ಕೋಣೆಯಿಂದ ಹುಡುಕು ಎಂದರ್ಥ. ಒಂದು ಗೆರೆ ಮರೆತರೆ ನೆರೂಳಿಗೆ ಹೊರಟವನು ವಾಶಿಯಲ್ಲೇ ಸುತ್ತುತ್ತಿರುತ್ತಾನೆ.

ಜಾಲದ ವಿಳಾಸಕ್ಕೆ ಈ ಕಟ್ಟುಪಾಡುಗಳನ್ನು ಹಾಕಿದವರು ಟಿಮ್ ಬರ್ನರ್ಸ್-ಲೀ. ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ 1989ರಲ್ಲಿ ಅವರು ಮುಂದಿಟ್ಟ ಯೋಜನೆಯಿಂದ ವಿಶ್ವಜಾಲ ಹುಟ್ಟಿತು. ವಿಳಾಸದ ನಿಯಮಗಳು 1994ರ ಡಿಸೆಂಬರಿನಲ್ಲಿ ಪ್ರಕಟವಾದವು. ಆರಂಭದ ಎರಡು ಓರೆಗೆರೆಗಳು ನಿಜವಾಗಿ ಬೇಕಿರಲಿಲ್ಲವೆಂದು 2009ರಲ್ಲಿ ಅವರೇ ಒಪ್ಪಿಕೊಂಡರು. ಆ ವೇಳೆಗೆ ಲೋಕವೆಲ್ಲ ಆ ಗೆರೆಗಳನ್ನು ಬರೆದೂ ಬರೆದೂ ರೂಢಿಯಾಗಿತ್ತು.

ನಮಗೆ ಸಂಬಂಧಿಸಿದ ತೊಡಕು ಬೇರೆ. ವಿಳಾಸದಲ್ಲಿ ಬಳಸಲು ಅನುಮತಿಯಿದ್ದುದು 1963ರ ಆಸ್ಕಿ ಪಟ್ಟಿಯೊಳಗಿನ ಚಿಹ್ನೆಗಳಿಗೆ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಗುರುತುಗಳಿಗೆ ಮಾತ್ರ. ಪಟ್ಟಿಯಲ್ಲಿರುವುದೇ ಒಟ್ಟು 128. ಉಳಿದುದೆಲ್ಲ ವೇಷ ಹಾಕಿಕೊಂಡು ಬರಬೇಕು. ಎರಡು ಪದಗಳ ನಡುವಿನ ಖಾಲಿ ಜಾಗ ಕೂಡ %20 ಆಗಿ ಬರುತ್ತದೆ. ಕನ್ನಡದ ಒಂದೊಂದು ಚಿಹ್ನೆ ಯಂತ್ರದೊಳಗೆ ಮೂರು ತುಂಡಾಗುತ್ತದೆ. ಪ್ರತಿ ತುಂಡಿಗೂ ಒಂದು ಶೇಕಡಾ ಗುರುತು, ಎರಡು ಸಂಕೇತ. ಹೀಗಾಗಿ ‘ಕನ್ನಡ’ ಎಂಬ ಪುಟ್ಟ ಪದ ವಿಳಾಸದಲ್ಲಿ 45 ಗುರುತುಗಳ ಮೆರವಣಿಗೆಯಾಗುತ್ತದೆ. ಅವಸರದ ತಂತ್ರಾಂಶವೊಂದು ವೇಷಕ್ಕೇ ಇನ್ನೊಮ್ಮೆ ವೇಷ ಹಾಕಿದರೆ % ಗುರುತು %25 ಆಗಿ, ವಿಳಾಸ ಕೆಟ್ಟಿತೆಂದೇ ಲೆಕ್ಕ.

ಕಣ್ಣಿಗೆ ಕಾಣದ ತೊಡಕೂ ಒಂದಿದೆ. ‘ಕಲ್ಯಾಣ್‌ನಲ್ಲಿ’ ಎಂದು ಟೈಪು ಮಾಡುವಾಗ ಒತ್ತಕ್ಷರ ಮೂಡದಂತೆ ಣ್ ಮತ್ತು ನ ನಡುವೆ ಒಂದು ಅದೃಶ್ಯ ಚಿಹ್ನೆ ಇಡಬೇಕು. ಅದರಿಂದ ‘ಕಲ್ಯಾಣ್’ ಎಂಬಷ್ಟನ್ನೇ ನಕಲು ಮಾಡಿದರೂ ಆ ಚಿಹ್ನೆ ಬಾಲದಂತೆ ಹಿಂಬಾಲಿಸಬಹುದು. ನಮಗೆ ಎರಡೂ ಒಂದೇ ಊರು, ಯಂತ್ರಕ್ಕೆ ಎರಡು.

ಹಾಗಾದರೆ ಲಿಂಕ್ ತೆರೆಯದಿದ್ದಾಗ ಏನು ನೋಡಬೇಕು? ತಾಣವೇ ಸಿಗಲಿಲ್ಲವೆಂದು ಫೋನ್ ಹೇಳಿದರೆ ಊರಿನ ಹೆಸರೇ ತಪ್ಪಿರುವ ಸಂಭವ ಹೆಚ್ಚು. ‘404’ ಎಂದರೆ ಬಿಲ್ಡಿಂಗಿಗೆ ತಲುಪಿದ್ದೇವೆ, ಆ ನಂಬರಿನ ಖೋಲಿ ಇಲ್ಲ. ‘400’ ಎಂದರೆ ಬರೆದುದನ್ನು ಓದಲಿಕ್ಕೇ ಆಗಲಿಲ್ಲ. ಎಲ್ಲಿ ನಿಂತಿದ್ದೇವೆಂದು ತಿಳಿದರೆ ಹುಡುಕುವ ಕೆಲಸ ಅರ್ಧ ಮುಗಿದಂತೆ.

ಇಷ್ಟೆಲ್ಲ ನಾನು ಕಲಿತದ್ದು ಕಳೆದ ವರ್ಷ, ತಡವಾಗಿ. ಬಡ ವಿದ್ಯಾರ್ಥಿಗಳ ಫೀ ಸಹಾಯಕ್ಕೆ ಅರ್ಜಿ ಕರೆಯಲಾಗಿತ್ತು. ಪ್ರಕಟಣೆಯ ಕನ್ನಡ ಚೆನ್ನಾಗಿರಲಿ ಎಂದು ಆ ಕೆಲಸವನ್ನು ನನಗೆ ಒಪ್ಪಿಸಿದ್ದರು. ನಾನು ಅದನ್ನು ತಿದ್ದಿ ತೀಡಿ ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆ. ಕೊನೆಯ ದಿನ ಸಂಜೆ ಪಕ್ಕದ ಬಿಲ್ಡಿಂಗಿನ ಹುಡುಗಿ ಬಂದಳು. ತಂದೆ ಕ್ಯಾಂಟೀನಿನಲ್ಲಿ ದುಡಿಯುವವರು. ಅವಳಿಗೆ ಕಾಲೇಜಿನ ಎರಡನೆಯ ವರ್ಷ.

“ಅಂಕಲ್, ಲಿಂಕ್ ಸತ್ತಿದೆ. ಮೂರು ದಿನದಿಂದ 404 ಅಂತಲೇ ಬರ್ತಿದೆ.”

ಸಂಬಂಧಪಟ್ಟವರಿಗೆ ಫೋನ್ ಮಾಡಿದರೆ ಅವರ ಕಂಪ್ಯೂಟರಿನಲ್ಲಿ ಸರಿಯಾಗಿಯೇ ತೆರೆಯುತ್ತಿತ್ತು. ಹುಡುಗಿ ತನ್ನ ಫೋನಿನ ಮೇಲೆ ಬೆರಳಿಟ್ಟು ವಿಳಾಸವನ್ನು ಕೊನೆಯವರೆಗೂ ಎಳೆದಳು. ಬಾಲದಲ್ಲಿ ಶೇಕಡಾ ಗುರುತುಗಳ ಸಾಲು. ಎಣಿಸಿದರೆ 45! ನಾನು ವಿಳಾಸದ ಬೆನ್ನಿಗೆ ಜಾಗ ಬಿಡದೆ ‘ನಲ್ಲಿ’ ಎಂದು ಸೇರಿಸಿ, ‘ಅರ್ಜಿ ತುಂಬಿರಿ’ ಎಂದು ಬರೆದಿದ್ದೆ. ಪ್ರತ್ಯಯವನ್ನು ಬಿಡಿಸಿ ಬರೆಯಬಾರದೆಂದು ನಲವತ್ತು ವರ್ಷಗಳಿಂದ ಇತರರ ಬರಹ ತಿದ್ದಿದವನು ನಾನು. ಫೋನು ಸಪ್ತಮೀ ವಿಭಕ್ತಿಯನ್ನೂ ವಿಳಾಸವೆಂದೇ ತಿಳಿದಿತ್ತು.

ಬಾಲ ಅಳಿಸಿದೊಡನೆ ಪುಟ ತೆರೆಯಿತು. ಅವಳ ಅರ್ಜಿ ರಾತ್ರಿ ಹನ್ನೊಂದೂವರೆಗೆ ಹೋಯಿತು. ಅದೇ ಸಂದೇಶವನ್ನು ನಾನು ಕಲ್ಯಾಣ, ಐರೋಲಿ, ನೆರೂಳಿನ ಗುಂಪುಗಳಿಗೂ ಕಳಿಸಿದ್ದೆ. ಅಲ್ಲಿಂದ ಯಾರೂ ದೂರು ಹೇಳಿರಲಿಲ್ಲ. ಮರುದಿನ ವಿಚಾರಿಸಿದಾಗ ತಿಳಿಯಿತು: ಆ ಮೂರು ಕಡೆಗಳಿಂದ ಒಂದು ಅರ್ಜಿಯೂ ಬಂದಿರಲಿಲ್ಲ.