ಸೊಲ್ಲು ಎತ್ತುವವರು ಯಾರು?

ಮದುವೆ ಮನೆಮುಂದಿನ ಹಂದರ ಬಿಟ್ಟು ಕಲ್ಯಾಣ ಮಂಟಪ ಸೇರಿದ ಮೇಲೆ ಸೋಬಾನ ಪದ ಸತ್ತುಹೋಯಿತು ಎಂಬ ಹಳಹಳಿ ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಲ್ಲ. ಪದಗಳೇನೋ ಉಳಿದಿವೆ, ಹಲಸಂಗಿ ಗೆಳೆಯರು 1931ರಲ್ಲೇ ‘ಗರತಿಯ ಹಾಡು’ ಸಂಗ್ರಹವನ್ನು ಅಚ್ಚು ಹಾಕಿಸಿದರು. ಇಲ್ಲವಾದವಳು ಸೊಲ್ಲು ಎತ್ತುವ ಹಿರಿಯಳು. ಸುರಗಿಯ ಹೊತ್ತಿಗೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿದಾಗ ಯಾವ ಪದ, ಬೀಗರು ಊಟಕ್ಕೆ ಕುಂತಾಗ ಕಾಲೆಳೆಯಲು ಯಾವುದು, ಎಷ್ಟು ಎಳೆದರೆ ಅವರು ಸಿಟ್ಟಾದಾರು ಎಂಬ ಲೆಕ್ಕವೆಲ್ಲ ಅವಳ ತಲೆಯಲ್ಲಿತ್ತು. ಅವಳು ಎತ್ತಿದ ಸೊಲ್ಲನ್ನು ಉಳಿದವರು ಹಿಡಿಯುತ್ತಿದ್ದರು. ಪದ ಬಾರದವಳೂ ಎರಡನೇ ಸರ್ತಿಗೆ ದನಿ ಕೂಡಿಸುತ್ತಿದ್ದಳು. ಮಂಟಪಕ್ಕೆ ಮೈಕು ಬಂತು, ಅದನ್ನು ಅವಳ ಕೈಗೆ ಯಾರೂ ಕೊಡಲಿಲ್ಲ. ತಪ್ಪು ಮಂಟಪದ ಮೇಲೆ ಹೊರಿಸುವಂಥದ್ದಲ್ಲ ಎನ್ನುವುದಕ್ಕೆ ದೂರದ ಐರ್ಲೆಂಡಿನಲ್ಲಿ ಒಳ್ಳೆಯ ಸಾಕ್ಷಿ ಇದೆ.

ಅಲ್ಲಿಯವರು ಮದುವೆಗೆ ಹಳೇ ಸಂಪ್ರದಾಯವೆಂದು ಆರಿಸಿಕೊಳ್ಳುವ ಗುಂಪುಕುಣಿತಕ್ಕೆ ಕೇಲಿ ಎಂದು ಹೆಸರು. ಐರಿಷ್ ನುಡಿಯ ಸಂಘವಾದ ಗೇಲಿಕ್ ಲೀಗಿನವರು ಮೊದಲ ಕೇಲಿ ನಡೆಸಿದ್ದು 1897ರ ಅಕ್ಟೋಬರ್ 30ರಂದು, ಅದೂ ಲಂಡನ್ನಿನ ಬ್ಲೂಮ್ಸ್‌ಬರಿ ಹಾಲಿನಲ್ಲಿ. ಅದಕ್ಕೆ ಮಾದರಿ ಆ ಊರಿನ ಸ್ಕಾಟ್ ಜನರ ಸಂಜೆಕೂಟ. ಮುಂದೆ 1935ರ ಕಾಯ್ದೆ ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಕಡ್ಡಾಯ ಮಾಡಿದಾಗ ಐರ್ಲೆಂಡಿನಲ್ಲೂ ಮನೆಮನೆಯ ಕುಣಿತ ಸೊರಗಿ ಹಾಲಿನ ಕಡೆ ಸರಿಯಿತು. ಅಂದರೆ ಅವರೂ ಅಂಗಳ ಕಳಕೊಂಡವರೇ. ಆದರೆ ಇಂದಿನ ಮದುವೆಯಲ್ಲಿ ಹೆಜ್ಜೆ ಕೂಗಿ ಹೇಳುವವನೊಬ್ಬ ವಾದ್ಯದವರ ಪಕ್ಕ ನಿಂತಿರುತ್ತಾನೆ. ಬಂದವರ ವಯಸ್ಸು, ಹಾಲಿನ ಅಗಲ ನೋಡಿ ಸುಲಭದ್ದನ್ನು ಮೊದಲು ಆರಿಸುವುದು ಅವನ ಕೆಲಸ. ‘ಸೀಜ್ ಆಫ್ ಎನಿಸ್’ ಎಂಬ ಕುಣಿತದಲ್ಲಿ ನಾಲ್ವರ ಸಾಲು ನಾಲ್ವರಿಗೆ ಎದುರಾಗಿ ನಿಲ್ಲುತ್ತದೆ. ಸುತ್ತು ಮುಗಿದಾಗ ಒಂದು ಸಾಲಿನವರು ಹಿಡಿದ ಕೈ ಎತ್ತುತ್ತಾರೆ, ಇನ್ನೊಂದು ಸಾಲು ಅಡಿಯಿಂದ ನುಸುಳುತ್ತದೆ, ಇಬ್ಬರಿಗೂ ಹೊಸ ಸಾಲು ಎದುರಾಗುತ್ತದೆ. ಮುಖಪರಿಚಯ ಇಲ್ಲದ ಬೀಗರು ಕೈ ಹಿಡಿಯಲು ಇದಕ್ಕಿಂತ ಜಾಣ ಉಪಾಯ ಕಾಣೆ.

ಅವರದು ಕುಣಿತ, ನಮ್ಮದು ಹಾಡು, ಹೋಲಿಕೆ ಸಲ್ಲದು ಎನ್ನಬಹುದು. ಹಾಗಾದರೆ ನಮ್ಮ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲೇ ಗುಜರಾತಿ ಸಮಾಜದ ಗುಜರಾತ್ ಭವನ ಇದೆ. ಆ ಸಮಾಜದ ಗರ್ಬಾದಲ್ಲಿ ಹಾಡು, ಕುಣಿತ ಬೇರೆ ಬೇರೆ ಅಲ್ಲ. ಹಾಡುವವರ ಲಯ ಹಿಡಿದು ವೃತ್ತದಲ್ಲಿದ್ದವರು ಎರಡು ಚಪ್ಪಾಳೆ, ಮೂರು ಚಪ್ಪಾಳೆ ಬದಲಿಸುತ್ತಾರೆ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಕಲೆ ತವರಿನಿಂದ ದೂರದಲ್ಲೂ ಬಾಳಿದೆ. ಡಿಜೆ ಬಂದರೂ ಮಂದಿ ಕುಣಿಯುತ್ತಾರಲ್ಲ ಎಂಬುದು ಇನ್ನೊಂದು ಆಕ್ಷೇಪ. ಕುಣಿಯುತ್ತಾರೆ, ಮೊದಲೇ ಕುಣಿಯಲು ಬಲ್ಲ ಹುಡುಗರು. ಕುರ್ಚಿ ಹಿಡಿದು ಕುಂತ ಬೀಗತಿಯನ್ನು ಎಬ್ಬಿಸುವ ಹೊಣೆ ಡಿಜೆಗೆ ಇಲ್ಲ, ಹೊಣೆ ಹೊರಿಸಿದವರೂ ಇಲ್ಲ. ಮುಂದಿನ ಮದುವೆಗೆ ಮಂಟಪ ಗೊತ್ತು ಮಾಡುವವರು ಡಿಜೆಗೆ ಮುಂಗಡ ಕೊಡುವ ಮೊದಲು ಪದ ಬಲ್ಲ ಒಬ್ಬ ಹಿರಿಯಳಿಗೆ ಮೈಕನ್ನೂ ಅರ್ಧ ತಾಸನ್ನೂ ಎತ್ತಿಡಲಿ.