‘ಗದರ್’ ಎಂಬ ಪದ ಹೊತ್ತು ತಂದದ್ದು

1857ರ ಹೋರಾಟವನ್ನು ಕನ್ನಡದಲ್ಲಿ ಬಹುಕಾಲ ‘ಸಿಪಾಯಿ ದಂಗೆ’ ಎಂದೇ ಕರೆಯಲಾಯಿತು. ನಮ್ಮ ಮನೆಗಳ ಹಿರಿಯರ ಬಾಯಲ್ಲಿ ಅದು ‘ಗದರ್’. ಎರಡೂ ಭಾಷೆಗಳನ್ನು ಕಲಿಸುವ ನನಗೆ ಈ ಎರಡನೆಯ ಪದ ಮುಳ್ಳಿನಂತೆ ಚುಚ್ಚುತ್ತದೆ. ಅರಬ್ಬಿ ಮೂಲದ ‘ಗದರ್’ ಎಂದರೆ ನಂಬಿಕೆದ್ರೋಹ. ‘ಗದ್ದಾರ್’ ಎಂಬ ಬೈಗುಳವೂ ಅದೇ ಬೇರಿನದು. ದ್ರೋಹ ಯಾರಿಗೆ? ಕಂಪನಿ ಸರ್ಕಾರಕ್ಕೆ! ಪದವನ್ನು ಉಚ್ಚರಿಸಿದ ಕೂಡಲೇ ತೀರ್ಪೂ ಹೊರಬಿದ್ದಂತೆ.

ಅಂದಿನ ಇಂಗ್ಲಿಷ್ ಪತ್ರಿಕೆಗಳ ಭಾಷೆಯೂ ಇಂಥದ್ದೇ. 1857ರ ಜುಲೈನಲ್ಲಿ ಕಾನ್ಪುರದಲ್ಲಿ ಸೆರೆಯಲ್ಲಿದ್ದ ಇಂಗ್ಲಿಷ್ ಮಹಿಳೆಯರನ್ನೂ ಮಕ್ಕಳನ್ನೂ ಕೊಂದದ್ದು ಘೋರ ಕೃತ್ಯ. ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಪತ್ರಿಕೆಗಳು ಅದನ್ನು ‘ಹತ್ಯಾಕಾಂಡ’ ಎಂದವು. ಆದರೆ ಸೆಪ್ಟೆಂಬರಿನಲ್ಲಿ ದೆಹಲಿ ಬಿದ್ದ ಮೇಲೆ ನಡೆದ ಕೊಲೆಗಳಿಗೂ ಗಲ್ಲುಗಳಿಗೂ ಸಿಕ್ಕ ಹೆಸರು ‘ಪ್ರತಿಫಲ’, ‘ತಕ್ಕ ಶಿಕ್ಷೆ’. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವರದಿಗಾರ ವಿಲಿಯಂ ಹೊವಾರ್ಡ್ ರಸೆಲ್ 1858ರಲ್ಲಿ ಇಲ್ಲಿಗೆ ಬಂದು, ತನ್ನವರ ಸೇಡಿನ ಕ್ರೌರ್ಯವನ್ನು ಟೀಕಿಸಿ ಬರೆದದ್ದನ್ನೂ ಇಲ್ಲಿ ನೆನೆಯಬೇಕು.

ಬೇರೆ ಮಾತಿನಲ್ಲಿ ಬರೆದ ಪತ್ರಿಕೆ ಇರಲಿಲ್ಲವೇ? ಇತ್ತು. ಮೌಲ್ವಿ ಮುಹಮ್ಮದ್ ಬಾಕರ್ ಅವರ ‘ದೆಹಲಿ ಉರ್ದು ಅಖ್ಬಾರ್’ ಹೋರಾಟಗಾರರನ್ನು ಬೆಂಬಲಿಸಿ, ಹಿಂದೂ ಮುಸ್ಲಿಮರು ಒಂದಾಗಿರಬೇಕೆಂದು ಬರೆಯಿತು. ಜುಲೈನಲ್ಲಿ ಬಹಾದ್ದೂರ್ ಷಾ ಜಫರ್ ಹೆಸರಿನಲ್ಲಿ ‘ಅಖ್ಬಾರುಜ್ಜಫರ್’ ಆಯಿತು. ಅದಕ್ಕೂ ಮೊದಲೇ, ಜೂನ್‌ನಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್ ಮುದ್ರಣಾಲಯಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾನೂನು ತಂದಿದ್ದ. ದೆಹಲಿ ಮತ್ತೆ ಇಂಗ್ಲಿಷರ ವಶವಾದ ಮೇಲೆ ಬಾಕರ್ ಸಾಹೇಬರಿಗೆ ಮರಣದಂಡನೆಯಾಯಿತು. ಅವರ ಮಗ ಮುಹಮ್ಮದ್ ಹುಸೇನ್ ಆಜಾದ್ ಊರು ಬಿಟ್ಟು ಓಡಬೇಕಾಯಿತು. ಮುಂದೆ ‘ಆಬೆ ಹಯಾತ್’ ಬರೆದು ಉರ್ದು ಸಾಹಿತ್ಯಕ್ಕೆ ಹೆಸರು ತಂದ ಈ ಮಹನೀಯರು ಲಾಹೋರಿನಲ್ಲಿ ಅದೇ ಸರ್ಕಾರದ ಶಿಕ್ಷಣ ಇಲಾಖೆಯಲ್ಲಿ ನೌಕರಿ ಮಾಡಿದರು. ತಂದೆಯನ್ನು ಕೊಂದ ಸರ್ಕಾರದ ಸಂಬಳ! ಅವರೊಳಗಿನ ನೋವನ್ನು ಯಾವ ಪತ್ರಿಕೆ ಬರೆದೀತು? ಇತ್ತ ದೆಹಲಿಯ ಮುಸ್ಲಿಮರು ಊರ ಹೊರಗೇ ಉಳಿದರು. ಜಾಮಾ ಮಸೀದಿ ಮರಳಿ ಸಿಕ್ಕಿದ್ದು 1862ರಲ್ಲಿ.

ಸರ್ ಸೈಯದ್ ಅಹಮದ್ ಖಾನ್ ಕಂಪನಿಯ ನೌಕರರಾಗಿದ್ದವರು. ಬಿಜ್ನೋರಿನಲ್ಲಿ ಇಂಗ್ಲಿಷರ ಪ್ರಾಣ ಉಳಿಸಿದವರು. ಆದರೂ 1859ರಲ್ಲಿ ಮುದ್ರಿಸಿದ ತಮ್ಮ ಪುಸ್ತಕಕ್ಕೆ ಅವರಿಟ್ಟ ಹೆಸರು ‘ಅಸ್ಬಾಬೆ ಬಗಾವತೆ ಹಿಂದ್’. ಬಗಾವತ್ ಎಂದರೆ ಬಂಡಾಯ. ಅದಕ್ಕೆ ಕಾರಣಗಳಿರುತ್ತವೆ, ಆ ಕಾರಣಗಳನ್ನು ಅವರು ಸರ್ಕಾರದ ಆಡಳಿತದಲ್ಲೇ ಎತ್ತಿ ತೋರಿಸಿದರು. 1913ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ಕ್ರಾಂತಿಕಾರಿಗಳು ತಮ್ಮ ಪತ್ರಿಕೆಗೆ ‘ಗದರ್’ ಎಂಬ ಹೆಸರನ್ನೇ ಇಟ್ಟರು. ಮೊದಲ ಸಂಚಿಕೆ ಉರ್ದುವಿನಲ್ಲೇ ಬಂತು. ಬೈಗುಳವನ್ನೇ ಬಾವುಟ ಮಾಡಿಕೊಂಡ ಅವರ ಧೈರ್ಯಕ್ಕೆ ಏನೆನ್ನೋಣ!

ದೆಹಲಿಗೆ ಹೋಗುವ ವಿದ್ಯಾರ್ಥಿಗಳು ಉತ್ತರದ ದಿಬ್ಬದ ಮೇಲಿರುವ ಸ್ಮಾರಕವನ್ನು ನೋಡಿ ಬರಬೇಕು. ಬ್ರಿಟಿಷರು ತಮ್ಮ ಸೈನಿಕರಿಗಾಗಿ 1863ರಲ್ಲಿ ಕಟ್ಟಿಸಿದ ಅದರ ಕಲ್ಲಿನಲ್ಲಿ ಈ ನೆಲದ ಹೋರಾಟಗಾರರು ‘ಶತ್ರು’ಗಳು. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬದ ಸಮಯದಲ್ಲಿ ನಮ್ಮ ಸರ್ಕಾರ ಆ ಕಲ್ಲನ್ನು ಕೀಳಿಸಲಿಲ್ಲ. ಇಲ್ಲಿ ‘ಶತ್ರು’ ಎಂದಿರುವವರು ವಿದೇಶಿ ಆಳ್ವಿಕೆಯ ವಿರುದ್ಧ ದೇಶದ ಬಿಡುಗಡೆಗಾಗಿ ಧೈರ್ಯದಿಂದ ಹೋರಾಡಿದವರು ಎಂದು ತಿಳಿಸುವ ಇನ್ನೊಂದು ಫಲಕವನ್ನು ಅಲ್ಲೇ ಹಾಕಿಸಿತು.