ಎಪ್ಪತ್ತೆರಡರಲ್ಲೊಂದು

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಮೂರೇ ದಿನಗಳ ತರುವಾಯ, 6ನೆಯ ತಾರೀಖಿನ ಬೆಳಗ್ಗೆ, ಶತ್ರುವಿಮಾನಗಳು ಬರುತ್ತಿವೆಯೆಂಬ ಸುಳ್ಳು ಸುದ್ದಿಯೊಂದು ಹಬ್ಬಿ, ಲಂಡನ್ನಿನ ಪೂರ್ವಕ್ಕಿರುವ ಆಗಸದಲ್ಲಿ ದೊಡ್ಡ ಗೊಂದಲವೆದ್ದಿತು. ನಾರ್ತ್ ವೀಲ್ಡ್ ನೆಲೆಯಿಂದ ಹರಿಕೇನ್‌ಗಳು ಮೇಲೇರಿದವು. ಹಾರ್ನ್‌ಚರ್ಚ್ ನೆಲೆಯಿಂದ ಸ್ಪಿಟ್‌ಫೈರ್‌ಗಳು. ಶತ್ರು ಎಲ್ಲಿಯೂ ಇರಲಿಲ್ಲ. ಆದರೆ ಸ್ಪಿಟ್‌ಫೈರ್‌ಗಳಲ್ಲಿದ್ದವರ ಕಣ್ಣಿಗೆ ತಮ್ಮವೇ ಆದ ಹರಿಕೇನ್‌ಗಳು ಜರ್ಮನಿಯ ವಿಮಾನಗಳಾಗಿ ಕಂಡವು. ಎರಡು ಹರಿಕೇನ್‌ಗಳು ಉರುಳಿದವು. ಒಬ್ಬ ಚಾಲಕ ಬದುಕಿ ಉಳಿದ. ಮಾಂಟೇಗ್ಯು ಹಲ್ಟನ್-ಹ್ಯಾರಪ್ ಎಂಬ ಇನ್ನೊಬ್ಬ ತರುಣ ಸತ್ತ. ಆ ಮಹಾಯುದ್ಧದಲ್ಲಿ ಮಡಿದ ಮೊದಲ ಬ್ರಿಟಿಷ್ ಫೈಟರ್ ಪೈಲಟ್ ಅವನು. ಸ್ಪಿಟ್‌ಫೈರ್ ಹೊಡೆದುರುಳಿಸಿದ ಮೊದಲ ವಿಮಾನಗಳೂ ಇವೇ. ಗುಂಡು ಹಾರಿಸಿದವರನ್ನು ಸೈನಿಕ ನ್ಯಾಯಾಲಯ ವಿಚಾರಿಸಿ, ನಿರಪರಾಧಿಗಳೆಂದು ಬಿಟ್ಟಿತು. ಜನ ಈ ಪ್ರಸಂಗಕ್ಕೆ ‘ಬಾರ್ಕಿಂಗ್ ಕ್ರೀಕ್ ಕದನ’ ಎಂದು ಕಹಿಯಾದ ಹೆಸರಿಟ್ಟರು.

ಆಟಿಕೆಯಷ್ಟು ಸಣ್ಣ ಮಾದರಿ ವಿಮಾನಗಳ ವಿಷಯ ಹೇಳಲು ಹೊರಟವನು ಒಂದು ಸಾವಿನಿಂದ ಆರಂಭಿಸುವುದೇಕೆ ಎಂದು ಕೇಳುಗರಿಗೆ ಅನ್ನಿಸಬಹುದು. ಕಾರಣವಿದೆ. ಮರದಲ್ಲಿ ಕೆತ್ತಿ, ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿ, ಬಣ್ಣ ಬಳಿದು ಮೇಜಿನ ಮೇಲಿಡುವ ಈ ಪುಟ್ಟ ವಿಮಾನಗಳು ಒಂದು ಕಾಲದಲ್ಲಿ ಕಣ್ಣಿಗೆ ಅಕ್ಷರಾಭ್ಯಾಸ ಮಾಡಿಸುವ ಸಾಧನಗಳಾಗಿದ್ದವು. ಆ ಅಕ್ಷರವನ್ನು ತಪ್ಪಾಗಿ ಓದಿದರೆ ಸಾಯುವವನು ತಮ್ಮವನೇ.

ಹವ್ಯಾಸವೇನೋ ಯುದ್ಧಕ್ಕಿಂತ ಹಳೆಯದು. 1936ರಲ್ಲಿ ಇಂಗ್ಲೆಂಡಿನ ‘ಫ್ರಾಗ್’ ಎಂಬ ಆಟಿಕೆಯ ಸಂಸ್ಥೆ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದ ಬಿಡಿ ಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿತು. ನೆಲದಿಂದ ನೇರ ಮೇಲೇರುತ್ತದೆ ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಆ ಕಪ್ಪೆಯ ಹೆಸರನ್ನು ಹೊಸೆದಿದ್ದರು. ಅವರ ಹಳೆಯ ಮಾದರಿಗಳು ನಿಜವಾಗಿಯೂ ಹಾರುತ್ತಿದ್ದವು. ಹೊಸವು ಹಾರವು, ಇಟ್ಟಲ್ಲೇ ಇರುವಂಥವು. ಆದ್ದರಿಂದ ಅವಕ್ಕೆ ಪೆಂಗ್ವಿನ್ ಎಂದು ಹೆಸರಾಯಿತು. ಹಕ್ಕಿಯೇ ಹೌದು, ಹಾರಾಟ ಮಾತ್ರವಿಲ್ಲ! ಅವುಗಳ ಅಳತೆ ಎಪ್ಪತ್ತೆರಡರಲ್ಲೊಂದು ಪಾಲು; ಅಂದರೆ ಆರು ಅಡಿಗೆ ಒಂದು ಅಂಗುಲ. ಆಳೆತ್ತರವೆಲ್ಲ ಒಂದಂಗುಲಕ್ಕೆ ಇಳಿಯುತ್ತದೆ. ಸುಮಾರು 37 ಅಡಿ ರೆಕ್ಕೆಯ ಸ್ಪಿಟ್‌ಫೈರ್ ಆರಂಗುಲವಾಗಿ ಅಂಗೈಯಲ್ಲಿ ಕೂರುತ್ತದೆ. ಅಡಿ ಅಂಗುಲಗಳ ಲೆಕ್ಕಕ್ಕೆ ಅನುಕೂಲವೆಂದು ಬಂದ ಈ ಪ್ರಮಾಣಕ್ಕೆ ಯುದ್ಧಕಾಲದಲ್ಲಿ ಬೇರೊಂದು ಅರ್ಥವೇ ಕೂಡಿಬಂದಿತು.

ಅಮೆರಿಕ 1941ರ ಡಿಸೆಂಬರಿನಲ್ಲಿ ಯುದ್ಧಕ್ಕಿಳಿಯಿತು. ಮರುವರ್ಷದ ಆರಂಭದಲ್ಲೇ ಅಲ್ಲಿಯ ನೌಕಾದಳ ದೇಶದ ಶಾಲಾಮಕ್ಕಳ ಮುಂದೆ ವಿಚಿತ್ರವಾದ ಬೇಡಿಕೆಯೊಂದನ್ನಿಟ್ಟಿತು: ಐದು ಲಕ್ಷ ಮಾದರಿ ವಿಮಾನಗಳು ಬೇಕು, ಐವತ್ತು ಬಗೆ, ಬಗೆಗೆ ಹತ್ತು ಸಾವಿರ. ಮಿತ್ರರವೂ ಬೇಕು, ಶತ್ರುಗಳವೂ ಬೇಕು. ನಕ್ಷೆಗಳು ಶಾಲೆಗಳಿಗೆ ಹೋದವು. ಮರಗೆಲಸದ ತರಗತಿಗಳಲ್ಲಿ ಹುಡುಗ ಹುಡುಗಿಯರು ಮೆದುಮರವನ್ನು ಕೊಯ್ದು, ರಟ್ಟಿನ ಪಡಿಯಚ್ಚನ್ನು ಒಡಲಿಗೆ ಹಿಡಿದು ನೋಡಿ, ಉಪ್ಪುಕಾಗದದಿಂದ ಉಜ್ಜಿ, ರೆಕ್ಕೆ ಅಂಟಿಸಿದರು. ಅಳತೆ ತಪ್ಪಿದ್ದು ತಿರಸ್ಕೃತವಾಗುತ್ತಿತ್ತು. ಒಪ್ಪಿಗೆಯಾದ ಮಾದರಿಗಳ ಎಣಿಕೆಗೆ ತಕ್ಕ ಗೌರವದರ್ಜೆಯ ಪ್ರಮಾಣಪತ್ರ ಕೈಸೇರುತ್ತಿತ್ತು. ಮನೆಯ ಅಣ್ಣನೊಬ್ಬ ಪೆಸಿಫಿಕ್ ಸಾಗರದ ಹಡಗಿನಲ್ಲಿ ಫಿರಂಗಿಯ ಹಿಂದೆ ನಿಂತಿರುವಾಗ, ತಮ್ಮನು ಶಾಲೆಯಲ್ಲಿ ಶತ್ರುವಿನ ವಿಮಾನವನ್ನು ಪ್ರೀತಿಯಿಂದ ಉಜ್ಜಿ ನಯಗೊಳಿಸುತ್ತಿರುವ ಚಿತ್ರವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ.

ಇವಕ್ಕೆಲ್ಲ ಬಳಿದ ಬಣ್ಣ ಒಂದೇ: ಕಪ್ಪು. ದೂರದ ಆಗಸದಲ್ಲಿ, ಬೆಳಕಿಗೆ ಎದುರಾಗಿ ಬರುವ ವಿಮಾನಕ್ಕೆ ಬಣ್ಣವೆಂಬುದೇ ಇಲ್ಲ; ಇರುವುದು ಆಕಾರವೊಂದೇ. ಆ ಪ್ರಮಾಣದ ಇನ್ನೊಂದು ಗುಟ್ಟು ಇಲ್ಲಿಯೇ ಇತ್ತು. ಎಪ್ಪತ್ತೆರಡರಲ್ಲೊಂದು ಅಳತೆಯ ಮಾದರಿಯನ್ನು 35 ಅಡಿಗಳಾಚೆ ಹಿಡಿದರೆ, ಅದು ನಿಜವಾದ ವಿಮಾನ ಅರ್ಧ ಮೈಲಿಯಾಚೆ ಕಾಣುವಷ್ಟೇ ಗಾತ್ರವಾಗಿ ಕಾಣುತ್ತದೆ. ಒಂದು ಕೊಠಡಿಯೊಳಗೆ ಅರ್ಧ ಮೈಲಿ ಆಕಾಶ! ಚಾವಣಿಯಿಂದ ದಾರದಲ್ಲಿ ತೂಗುಬಿಟ್ಟ ಈ ಕರಿಯ ಆಕೃತಿಗಳನ್ನು ನೋಡಿ ನೋಡಿಯೇ ಸೈನಿಕರು ರೆಕ್ಕೆ, ಎಂಜಿನ್, ಒಡಲು, ಬಾಲ ಎಂಬ ನಾಲ್ಕನ್ನು ಗುರುತಿಸಲು ಕಲಿತರು. ಮುಂದೆ ಮಕ್ಕಳ ಕೈಕೆಲಸದ ಜಾಗಕ್ಕೆ ಪ್ಲಾಸ್ಟಿಕ್ ಅಚ್ಚುಗಳು ಬಂದವು. ಆ ಹಳೆಯ ಪ್ಲಾಸ್ಟಿಕ್ಕಿನ ಗುಣದಿಂದ ಅವುಗಳಲ್ಲಿ ಹಲವು ಈಗ ಸೊಟ್ಟಗಾಗಿವೆ. ಮರದವು ನೆಟ್ಟಗಿವೆ.

ಯುದ್ಧ ಮುಗಿಯಿತು, ಕಪ್ಪು ಹೋಗಿ ಬಣ್ಣ ಬಂದಿತು. 1950ರ ದಶಕದಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯ ಸ್ಪಿಟ್‌ಫೈರ್ ಎರಡು ಶಿಲಿಂಗಿಗೆ ಚೀಲದಲ್ಲಿ ತುಂಬಿಕೊಂಡು ಅಂಗಡಿಗೆ ಬಂದಾಗ, ತಂದೆ ಹಾರಿಸಿದ ವಿಮಾನವನ್ನು ಮಗ ಅಡಿಗೆಮನೆಯ ಮೇಜಿನ ಮೇಲೆ ಜೋಡಿಸುವಂತಾಯಿತು. ಆ ಮೊದಲ ಸ್ಪಿಟ್‌ಫೈರಿನ ಆಕಾರ ಅಷ್ಟೇನೂ ಸರಿಯಿರಲಿಲ್ಲ. ಅಡ್ಡಿಯಿಲ್ಲ, ಹುಡುಗರು ಕೊಂಡರು.

ಅಂಟಿಸುವುದು ಒಂದು ಸಂಜೆಯ ಕೆಲಸ, ಬಣ್ಣದ್ದು ವಾರಗಟ್ಟಲೆ. ಸಂದುಗಳಿಗೆ ಲಪ್ಪ ತುಂಬಿ, ಒಣಗಿದ ಮೇಲೆ ಉಜ್ಜಿ, ತಳಬಣ್ಣ ಕೊಟ್ಟು, ಬ್ರಿಟಿಷ್ ವಿಮಾನವಾದರೆ ಮೇಲ್ಮೈಗೆ ಮಣ್ಣಿನ ಕಂದು ಮತ್ತು ಗಾಢಹಸುರಿನ ತೇಪೆಗಳು, ಕೆಳಗೆ ತಿಳಿಯಾದ ಆಗಸದ ಬಣ್ಣ. ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಲಾಂಛನಗಳು. ತಗಡಿನ ಕೂಡುಗೆರೆಗಳಲ್ಲಿ ತೆಳುವಾದ ಕರಿನೀರು ಹರಿಸಿ ಒರೆಸಿದರೆ ಎಣ್ಣೆ ಜಿಡ್ಡಿನ ಮೈ ಮೂಡುತ್ತದೆ. ಅನುಭವಿಗಳು ಇನ್ನೊಂದು ಮಾತು ಹೇಳುತ್ತಾರೆ: ಕಾರ್ಖಾನೆಯ ಅಸಲು ಬಣ್ಣವನ್ನೇ ತಂದು ಬಳಿದರೂ ಮಾದರಿ ಸುಳ್ಳಾಗುತ್ತದೆ. ಎರಡಡಿ ದೂರದಿಂದ ನೋಡುವ ಮಾದರಿ ಲೆಕ್ಕದಲ್ಲಿ 144 ಅಡಿ ದೂರದ ವಿಮಾನ. ನಡುವಿನ ಗಾಳಿ ಬಣ್ಣವನ್ನು ಮಸುಕಾಗಿಸುತ್ತದೆ. ಆದ್ದರಿಂದ ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸಬೇಕು. ಗಾಳಿಯನ್ನೂ ಡಬ್ಬಿಯಲ್ಲಿ ಕಲಸುವ ಈ ವಾದವನ್ನು ಒಪ್ಪದವರೂ ಇದ್ದಾರೆ. ನನಗೆ ಮಾತ್ರ ಇದು ಚಿತ್ರಕಾರನ ಮಾತೆಂದು ಹಿಡಿಸಿದೆ.

ಆಧಾರಕ್ಕೆ ಇರುವುದು ಬಹುಪಾಲು ಕಪ್ಪು ಬಿಳುಪಿನ ಛಾಯಾಚಿತ್ರಗಳು. ಅವೂ ಮೋಸಮಾಡುತ್ತವೆ. ಅಂದು ಬಳಕೆಯಲ್ಲಿದ್ದ ಒಂದು ಬಗೆಯ ಫಿಲ್ಮಿನಲ್ಲಿ ಹಳದಿ ಮತ್ತು ಕೆಂಪು ಕಪ್ಪಿಗೆ ತಿರುಗುತ್ತವೆ, ನೀಲಿ ಬೆಳ್ಳಗಾಗುತ್ತದೆ. ಎಂಬತ್ತು ವರ್ಷದ ಹಿಂದಿನ ಹಳದಿಯೊಂದನ್ನು ಕುರಿತು ಇಬ್ಬರು ಹಿರಿಯರು ರಾತ್ರಿಯಿಡೀ ವಾದಿಸುವುದು ಇದರಿಂದಲೇ.

ನಮ್ಮವರ ವಿಮಾನಗಳಿಗೂ ಇಂಥದೊಂದು ಬಣ್ಣದ ಕಥೆಯಿದೆ. ಬ್ರಿಟಿಷ್ ವಿಮಾನಗಳ ಚಕ್ರಲಾಂಛನದ ನಡುವೆ ಕೆಂಪು ಬೊಟ್ಟಿತ್ತು. ಜಪಾನಿನ ಗುರುತೋ ಕೆಂಪು ಸೂರ್ಯ. ಕ್ಷಣಮಾತ್ರದ ನೋಟದಲ್ಲಿ ಕೆಂಪು ಕಂಡರೆ ಸಾಕು, ಗುಂಡು ಹಾರುತ್ತಿತ್ತು. ಆದ್ದರಿಂದ 1942ರಿಂದ ಪೂರ್ವದ ರಣರಂಗದಲ್ಲಿ ಆ ಕೆಂಪನ್ನು ಅಳಿಸಿದರು. ಮುಂದೆ ಉಳಿದದ್ದು ಕಡುನೀಲಿ ಮತ್ತು ತಿಳಿನೀಲಿ. 1944ರಲ್ಲಿ ಅರ್ಜನ್ ಸಿಂಗರ ನಾಯಕತ್ವದ ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ ಇಂಫಾಲದಲ್ಲಿ ಹಾರಿಸಿದ್ದು ಕೆಂಪಿಲ್ಲದ ಇಂಥ ಹರಿಕೇನ್‌ಗಳನ್ನೇ. 1940ರಲ್ಲಿ ಹುಟ್ಟಿದ ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆ ಆ ದಿನಗಳಲ್ಲಿ ಮಿತ್ರದೇಶಗಳ ವಿಮಾನಗಳ ದುರಸ್ತಿಯಲ್ಲಿ ಮುಳುಗಿತ್ತು. ಭಾರತೀಯ ಹರಿಕೇನಿನ ಮಾದರಿಗೆ ಕೆಂಪು ಬೊಟ್ಟಿಡುವವನು ಅಲಂಕಾರದ ತಪ್ಪು ಮಾಡುತ್ತಿಲ್ಲ. ಆ ಪೈಲಟನ ಭಯವನ್ನೇ ಅಳಿಸಿಬಿಡುತ್ತಾನೆ.

ಇನ್ನೊಂದು ಬಗೆಯ ಅಳಿಸುವಿಕೆಯೂ ಉಂಟು. ಜರ್ಮನಿಯಲ್ಲಿ ನಾಜಿ ಸ್ವಸ್ತಿಕದ ಪ್ರದರ್ಶನಕ್ಕೆ ಕಾನೂನಿನ ತಡೆಯಿರುವುದರಿಂದ, ಮೆಸ್ಸರ್‌ಸ್ಮಿಟ್ ಮಾದರಿಗಳ ಎಷ್ಟೋ ಪೆಟ್ಟಿಗೆಗಳಲ್ಲಿ ಆ ಗುರುತೇ ಇರುವುದಿಲ್ಲ, ಇಲ್ಲವೆ ತುಂಡುತುಂಡಾಗಿ ಇರುತ್ತದೆ. ಇತಿಹಾಸಕ್ಕೆ ಅಪಚಾರವೆಂದು ಕೆಲವರು ಗೊಣಗುತ್ತಾರೆ. ಬರಿದಾದ ಆ ಬಾಲವೂ ಇತಿಹಾಸವನ್ನೇ ಹೇಳುತ್ತದೆಂದು ನನ್ನ ಎಣಿಕೆ.

ಯುದ್ಧ ಮುಗಿಯುವತನಕ ಬಾರ್ಕಿಂಗ್ ಕ್ರೀಕಿನ ತಪ್ಪು ಮಾಯವಾಗಲಿಲ್ಲ. 1943ರ ಜುಲೈ 11ರ ರಾತ್ರಿ, ಸಿಸಿಲಿಯ ತೀರದಲ್ಲಿ, ಪ್ಯಾರಾಶೂಟ್ ಸೈನಿಕರನ್ನು ಹೊತ್ತು ಹೊರಟ 144 ಅಮೆರಿಕನ್ ವಿಮಾನಗಳ ಪೈಕಿ 23 ತಮ್ಮವರ ಗುಂಡಿಗೇ ಬಿದ್ದವು. ಆ ಪಾಠದಿಂದಲೇ, 1944ರ ಜೂನ್ 6ರಂದು ನಾರ್ಮಂಡಿಗೆ ಹಾರಿದ ವಿಮಾನಗಳ ರೆಕ್ಕೆಗೂ ಒಡಲಿಗೂ ಮೂರು ಬಿಳಿ, ಎರಡು ಕರಿ ಪಟ್ಟೆಗಳನ್ನು ಎಳೆದರು. ಗುಟ್ಟು ಒಡೆಯಬಾರದೆಂದು ಆಜ್ಞೆ ಬಂದದ್ದು ಕೊನೆಯ ಎರಡು ಮೂರು ದಿನಗಳಲ್ಲಿ. ಸಾವಿರಾರು ವಿಮಾನಗಳು, ನೆಲದಾಳುಗಳು ದಪ್ಪ ಬ್ರಷ್ಷು, ಪೊರಕೆ, ಸಿಕ್ಕಿದ್ದನ್ನು ಹಿಡಿದು ಬಳಿದರು. ಅಂದಿನ ಎಷ್ಟೋ ಛಾಯಾಚಿತ್ರಗಳಲ್ಲಿ ಪಟ್ಟೆಯ ಅಂಚು ಅಂಕುಡೊಂಕು.

ಮಾದರಿ ಮಾಡುವವನು ಈಗ ಅಂಟುಪಟ್ಟಿಯನ್ನು ಗೆರೆ ಕೊಯ್ದಂತೆ ಹಚ್ಚಿ, ಗಾಳಿಕುಂಚದಿಂದ ಬಣ್ಣ ಸಿಂಪಡಿಸಿ, ಕೂದಲೆಳೆಯಷ್ಟೂ ತಪ್ಪದ ಐದು ಪಟ್ಟೆಗಳನ್ನು ಮೂಡಿಸುತ್ತಾನೆ. ನೋಡಿದವರು ಭೇಷ್ ಎನ್ನುತ್ತಾರೆ. ಕೈಪಳಗಿದ ಕೆಲವರು ಮಾತ್ರ ಆ ಅಂಟುಪಟ್ಟಿಯನ್ನು ಕಿತ್ತಿಟ್ಟು, ಹಳೆಯ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು, ಸಣ್ಣ ಕುಂಚದಿಂದ ಆ ಡೊಂಕನ್ನು ಡೊಂಕಾಗಿಯೇ ಬರೆಯಲು ಕೂರುತ್ತಾರೆ.